ನಿಂತುಹೋದ ಹಳೆಯ ಗುಲಾಬಿ ಪರ್ಫ್ಯೂಮುಗಳು: ಆರಿಸುವ, ಪರೀಕ್ಷಿಸುವ, ಕಾಪಾಡುವ ಕ್ರಮ

ಹೊಸ ಗುಲಾಬಿ ಪರ್ಫ್ಯೂಮುಗಳಿಗೆ ಕೊರತೆಯಿಲ್ಲದ ಈ ಕಾಲದಲ್ಲಿ, ಮೂವತ್ತು ನಲವತ್ತು ವರ್ಷಗಳ ಹಿಂದಿನ, ಕಾಲುಭಾಗ ಆವಿಯಾಗಿಹೋದ ಒಂದು ಸೀಸೆಗಾಗಿ ತಿಂಗಳುಗಟ್ಟಲೆ ಹುಡುಕುವವರಿದ್ದಾರೆ. ಹಳೆಯದರ ಮೇಲಿನ ಮೋಹವೊಂದರಿಂದಲೇ ಇದನ್ನು ವಿವರಿಸಲಾಗದು. ಇಂದಿನ ಬಹುಪಾಲು ತಯಾರಿಕೆಗಳಲ್ಲಿ ಗುಲಾಬಿ ತಿಳಿಯಾಗಿ, ನೀರು ಚಿಮುಕಿಸಿದಂತೆ, ಮೇಲ್ಪದರದಲ್ಲೇ ನಿಂತುಬಿಡುತ್ತದೆ. ಹಳೆಯ ತಯಾರಿಕೆಗಳಲ್ಲಾದರೋ ಅದರ ಕೆಳಗೆ ಓಕ್ ಮರದ ಕಲ್ಲುಹೂವು, ಕಸ್ತೂರಿ, ಪುನುಗು, ಪಚೌಲಿ ಎಲೆ, ಲಾವಂಚ, ಶ್ರೀಗಂಧ ಎಲ್ಲವೂ ಸೇರಿ ಒಂದು ಗಟ್ಟಿ ನೆಲಗಟ್ಟನ್ನು ಕಟ್ಟಿಕೊಟ್ಟಿರುತ್ತಿದ್ದವು. ಆ ನೆಲಗಟ್ಟಿನ ಕೆಲವು ವಸ್ತುಗಳ ಬಳಕೆ ಇಂದು ನಿಷಿದ್ಧ, ಕೆಲವಕ್ಕೆ ಮಿತಿಯಿದೆ, ಉಳಿದವು ದುಬಾರಿಯಾಗಿವೆ. ಹಳೆಯ ಸೀಸೆಯನ್ನು ಕೊಳ್ಳುವವರು ನಿಜವಾಗಿ ಬಯಸುವುದು ಗುಲಾಬಿಯ ಈ ಸಹವಾಸವನ್ನು. ಸೀಸೆಯ ಆಯ್ಕೆಯಿಂದ ಹಿಡಿದು ಅದನ್ನು ಕಾಪಾಡುವ ತನಕ ಮುಂದೆ ಹೇಳಿರುವ ಪ್ರತಿಯೊಂದು ಹೆಜ್ಜೆಯೂ ಈ ಒಂದು ತಿಳಿವಳಿಕೆಯನ್ನು ಅವಲಂಬಿಸಿದೆ.

ಮೊದಲ ಹೆಜ್ಜೆ: ನಿಮಗೆ ಬೇಕಾದ ಗುಲಾಬಿ ಯಾವುದು?

ಹೆಸರುಗಳ ಪಟ್ಟಿ ಹಿಡಿದು ಹೊರಡುವ ಮುನ್ನ ಮೂಗಿಗೆ ಸ್ವಲ್ಪ ಪಾಠ ಬೇಕು. ಪರ್ಫ್ಯೂಮ್ ಉದ್ಯಮ ಮುಖ್ಯವಾಗಿ ಎರಡು ಗುಲಾಬಿಗಳನ್ನು ನೆಚ್ಚಿಕೊಂಡಿದೆ. ಒಂದು ಬಲ್ಗೇರಿಯದ ಕಜನ್‌ಲಕ್ ಕಣಿವೆಯಲ್ಲೂ ಟರ್ಕಿಯ ಇಸ್ಪಾರ್ಟಾದಲ್ಲೂ ಬೆಳೆಯುವ ಡಮಾಸ್ಕ್ ಗುಲಾಬಿ. ಇನ್ನೊಂದು ಫ್ರಾನ್ಸಿನ ಗ್ರಾಸ್ ಪಟ್ಟಣದ ಸುತ್ತ ಮೇ ತಿಂಗಳಲ್ಲಿ ಅರಳುವ ಸೆಂಟಿಫೋಲಿಯಾ. ಹೂವಿನಿಂದ ಪರಿಮಳ ತೆಗೆಯುವ ಬಗೆಯೂ ಎರಡು. ಹಬೆಯಲ್ಲಿ ಭಟ್ಟಿ ಇಳಿಸಿದರೆ ದೊರೆಯುವುದು ಓಟೊ ಎಂಬ ಎಣ್ಣೆ. ಇದರ ಒಂದು ಕಿಲೋಗೆ ಸುಮಾರು 3,500ರಿಂದ 4,000 ಕಿಲೋ ಹೂ ಬೇಕಾಗುತ್ತದೆ. ದ್ರಾವಕದಿಂದ ಸೆಳೆದರೆ ದೊರೆಯುವುದು ಅಬ್ಸೊಲ್ಯೂಟ್. ಓಟೊದ ಘಮದಲ್ಲಿ ಖಾರವೂ ಹಸಿರೂ ನಿಂಬೆಯ ಸುಳಿವೂ ಇರುತ್ತದೆ. ಅಬ್ಸೊಲ್ಯೂಟ್ ಜೇನಿನಂತೆ ದಟ್ಟ, ಬೆಚ್ಚಗೆ. ಹೂವಿನಲ್ಲಿ ಧಾರಾಳವಾಗಿರುವ ಫೀನೈಲ್ ಈಥೈಲ್ ಆಲ್ಕೊಹಾಲ್ ಎಂಬ ಅಂಶವು ಭಟ್ಟಿಯ ನೀರಿನಲ್ಲಿ ಕರಗಿಹೋಗುವುದೂ, ದ್ರಾವಕದಲ್ಲಿ ಹಾಗೇ ಉಳಿದುಕೊಳ್ಳುವುದೂ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ. ಎರಡರ ಒಂದೊಂದು ಪುಟ್ಟ ಮಾದರಿಯನ್ನು ತರಿಸಿಕೊಂಡು, ಬಿಳಿ ಕಾಗದದ ಪಟ್ಟಿಗಳ ಮೇಲೆ ತೊಟ್ಟಿಟ್ಟು, ಕೆಲವು ದಿನ ಬೆಳಗ್ಗೆ ಸಂಜೆ ಮೂಸಿ ನೋಡಿ. ಮುಂದೆ ಹಳೆಯ ಸೀಸೆಯೊಂದರಲ್ಲಿ ಗುಲಾಬಿ ಇನ್ನೂ ಜೀವಂತವಾಗಿದೆಯೇ ಎಂದು ತೀರ್ಮಾನಿಸುವಾಗ ಈ ನೆನಪೇ ಅಳತೆಗೋಲು.

ಇನ್ನು ಪರ್ಫ್ಯೂಮಿನೊಳಗೆ ಗುಲಾಬಿಯನ್ನು ಇಟ್ಟಿರುವ ಬಗೆಗಳನ್ನು ನೋಡೋಣ. ಗುಲಾಬಿಯೊಂದನ್ನೇ ಚಿತ್ರಿಸಲು ಹೊರಟ ತಯಾರಿಕೆಗಳು ಮೊದಲ ಗುಂಪಿನವು. ಫ್ರಾನ್ಸ್ವಾ ಕೋಟಿ 1904ರಲ್ಲಿ ತಂದ ಲಾ ರೋಸ್ ಜಾಕ್ಮಿನೊ ಈ ಗುಂಪಿನ ಪ್ರಸಿದ್ಧ ಪೂರ್ವಜ. ಉಡುಪು ವಿನ್ಯಾಸಕ ಪಾಲ್ ಪ್ವಾರೆ 1911ರಲ್ಲಿ ತನ್ನ ಮಗಳ ಹೆಸರಿನಲ್ಲಿ ಆರಂಭಿಸಿದ ರೋಸೀನ್ ಸಂಸ್ಥೆಯ ಹೆಸರಿನಲ್ಲೇ ಗುಲಾಬಿಯಿತ್ತು. ಎರಡನೆಯದು ಮಲ್ಲಿಗೆಯ ಜೊತೆ ಗುಲಾಬಿಯನ್ನು ಹೆಣೆದದ್ದು. ಆಂರಿ ಆಲ್ಮೆರಾಸ್ ರೂಪಿಸಿ ಜಾಂ ಪಾಟೂ ಸಂಸ್ಥೆ 1930ರಲ್ಲಿ ಹೊರತಂದ ಜಾಯ್ ಇದರ ಶಿಖರವೆಂದು ಹಲವರು ಭಾವಿಸುತ್ತಾರೆ. ನಾನೂ ಹಾಗೆಯೇ ಭಾವಿಸುತ್ತೇನೆ. ಮೂರನೆಯದು ನೇರಳೆ ಹೂವಿನ ಘಮ ಕೊಡುವ ಅಯೊನೋನ್‌ಗಳೊಂದಿಗೆ ಬೆರೆತ, ಮುಖಕ್ಕೆ ಹಚ್ಚುವ ಪೌಡರನ್ನು ನೆನಪಿಸುವ ಗುಲಾಬಿ. ಸೋಫಿಯಾ ಗ್ರೋಜ್‌ಮನ್ 1983ರಲ್ಲಿ ಈವ್ ಸಾಂ ಲಾರಾಂಗೆ ಮಾಡಿಕೊಟ್ಟ ಪ್ಯಾರಿಸ್ ಈ ಬಗೆಯದು. ನಾಲ್ಕನೆಯದು ಹಣ್ಣಿನ ರಸ ತುಂಬಿದ ಗುಲಾಬಿ. ಗುಲಾಬಿ ಎಣ್ಣೆಯಲ್ಲಿ ಶೇಕಡ ಒಂದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿದ್ದರೂ ಅದರ ಘಮಕ್ಕೆ ಬೆನ್ನೆಲುಬಾಗಿರುವ ಡಮಾಸಿನೋನ್ ಎಂಬ ಅಂಶವನ್ನು 1960ರ ದಶಕದ ಕೊನೆಗೆ ರಸಾಯನಶಾಸ್ತ್ರಜ್ಞರು ಗುರುತಿಸಿದರು. ಅದರ ಸಮೀಪ ಬಂಧುಗಳಾದ ಡಮಾಸ್ಕೋನ್‌ಗಳು ಕೈಗೆ ಬಂದ ಮೇಲೆ ಗುಲಾಬಿಯ ಚಿತ್ರವೇ ಬದಲಾಯಿತು. 1979ರಲ್ಲಿ ಗೆರ್ಲ್ಯಾಂ ಹೊರತಂದ ನಾಹೆಮಾ ಆ ಬದಲಾವಣೆಯ ಮುಖ್ಯ ಉದಾಹರಣೆ.

ಐದನೆಯದು ಶೀಪ್ರ್ ಗುಲಾಬಿ. ಮೇಲೆ ಬರ್ಗಮಾಟ್ ಹಣ್ಣಿನ ಸಿಪ್ಪೆಯ ಚುರುಕು, ನಡುವೆ ಗುಲಾಬಿ, ಕೆಳಗೆ ಓಕ್ ಕಲ್ಲುಹೂವು ಮತ್ತು ಪಚೌಲಿಯ ಒದ್ದೆ ಕಾಡಿನ ನೆರಳು ಇದರ ರಚನೆ. 1991ರಲ್ಲಿ ಬಂದು ಬಹಳ ಕಾಲ ನಿಲ್ಲದೆ ಹೋದ ಲಾರ್ಟೆ ದಿ ಗುಚ್ಚಿಯನ್ನು ಇಂದಿಗೂ ಜನ ಹುಡುಕುತ್ತಿರುವುದು ಈ ಕಾರಣಕ್ಕೆ. ಹೊಸ ತಯಾರಿಕೆಗಳಲ್ಲಿ ಯಾವುದಕ್ಕೂ ಸರಿಯಾದ ಬದಲಿ ದೊರೆಯದ ಗುಂಪು ಇದೊಂದೇ ಎಂಬುದು ನನ್ನ ಅಭಿಪ್ರಾಯ. ಮೊದಲ ನಾಲ್ಕು ಗುಂಪುಗಳಲ್ಲಿ ನಿಮ್ಮ ಆಸೆ ನಿಂತಿದ್ದರೆ ಇಂದಿನ ಒಳ್ಳೆಯ ತಯಾರಿಕೆಗಳನ್ನು ಮೊದಲು ಮೂಸಿ ನೋಡುವುದು ವಿವೇಕ. ಶೀಪ್ರ್ ಗುಲಾಬಿಯೇ ಬೇಕೆಂದರೆ ಹಳೆಯ ಸೀಸೆಯ ಹಾದಿ ಹಿಡಿಯಲೇಬೇಕು.

ಎರಡನೆಯ ಹೆಜ್ಜೆ: ನಿಂತುಹೋಯಿತೇ, ಬದಲಾಯಿತೇ?

ಒಂದು ಪರ್ಫ್ಯೂಮ್ ಮಾರುಕಟ್ಟೆಯಿಂದ ಪೂರ್ತಿಯಾಗಿ ಮರೆಯಾಗುವುದು ಒಂದು ಸಂಗತಿ. ಅದೇ ಹೆಸರು, ಅದೇ ಸೀಸೆ ಉಳಿದು ಒಳಗಿನ ಸೂತ್ರ ಬದಲಾಗುವುದು ಮತ್ತೊಂದು. ಎರಡನೆಯದನ್ನು ಗಮನಿಸದೆ ಹಣ ಕಳೆದುಕೊಂಡವರೇ ಹೆಚ್ಚು. ಮಾಲೀಕತ್ವ ಕೈಬದಲಾಗುವುದು ಮೊದಲನೆಯದಕ್ಕೆ ಒಂದು ಸಾಮಾನ್ಯ ಕಾರಣ: 2018ರಲ್ಲಿ ಎಲ್‌ವಿಎಂಎಚ್ ಎಂಬ ಫ್ರೆಂಚ್ ಉದ್ಯಮ ಸಮೂಹವು ಪಾಟೂ ಸಂಸ್ಥೆಯನ್ನು ಕೊಂಡ ಮೇಲೆ ಹಳೆಯ ಜಾಯ್ ತಯಾರಿಕೆ ನಿಂತಿತು, ಅದೇ ವರ್ಷ ಅದೇ ಸಮೂಹದ ಡಿಯೋರ್ ಜಾಯ್ ಎಂಬ ಹೆಸರಿನಲ್ಲಿ ಸಂಬಂಧವೇ ಇಲ್ಲದ ಬೇರೊಂದು ಪರ್ಫ್ಯೂಮನ್ನು ಬಿಡುಗಡೆ ಮಾಡಿತು. ಆದ್ದರಿಂದ ಈ ಹೆಸರನ್ನು ಹುಡುಕುವವರು ಸಂಸ್ಥೆಯ ಹೆಸರನ್ನೂ ಜೊತೆಗೇ ಓದಬೇಕು.

ಸೂತ್ರ ಬದಲಾಗಲು ಮುಖ್ಯ ಕಾರಣ ಸುರಕ್ಷತೆಯ ನಿಯಮಗಳು. 1973ರಲ್ಲಿ ಸ್ಥಾಪನೆಯಾದ ಇಫ್ರಾ ಎಂಬ ಅಂತಾರಾಷ್ಟ್ರೀಯ ಉದ್ಯಮ ಸಂಘವು ಕಾಲಕಾಲಕ್ಕೆ ವಸ್ತುಗಳಿಗೆ ಮಿತಿ ಹೇರುತ್ತ ಬಂದಿದೆ. ಐರೋಪ್ಯ ಒಕ್ಕೂಟ ಅದಕ್ಕೆ ತನ್ನ ಕಾನೂನನ್ನೂ ಸೇರಿಸಿದೆ. ಓಕ್ ಕಲ್ಲುಹೂವಿನಲ್ಲಿ ಸಹಜವಾಗಿರುವ ಅಟ್ರಾನಾಲ್, ಕ್ಲೋರೊಅಟ್ರಾನಾಲ್ ಎಂಬ ಅಲರ್ಜಿಕಾರಕಗಳನ್ನು ಒಕ್ಕೂಟ 2017ರ ನಿಯಮದಲ್ಲಿ ನಿಷೇಧಿಸಿತು. ಮಸ್ಕ್ ಆಂಬ್ರೆಟ್ ಎಂಬ ಕೃತಕ ಕಸ್ತೂರಿ ಅದಕ್ಕೂ ಬಹಳ ಮೊದಲೇ ಹೊರಬಿದ್ದಿತ್ತು. ಲಿಲಿಯಾಲ್ ಎಂಬ ಕೃತಕ ಸುಗಂಧವಸ್ತು ಒಕ್ಕೂಟದಲ್ಲಿ 2022ರ ಮಾರ್ಚ್‌ನಿಂದ ನಿಷಿದ್ಧ. ಸ್ವತಃ ಗುಲಾಬಿ ಎಣ್ಣೆಗೂ ಅದರಲ್ಲಿ ಸಹಜವಾಗಿರುವ ಮೀಥೈಲ್ ಯುಜಿನಾಲ್ ಕಾರಣದಿಂದ ಮಿತಿ ಬಂದಿದೆ. ಈ ನಿಯಮಗಳು ಅನಗತ್ಯವೆಂದು ನಾನು ವಾದಿಸುವುದಿಲ್ಲ, ಏಕೆಂದರೆ ಚರ್ಮದ ಅಲರ್ಜಿ ಒಮ್ಮೆ ಅಂಟಿಕೊಂಡರೆ ಜೀವನಪರ್ಯಂತ ಕಾಡಬಲ್ಲದು. ಆದರೆ ಇವುಗಳಿಂದ ಕಳೆದುಹೋದ ಸೌಂದರ್ಯವನ್ನು ಇಲ್ಲವೆನ್ನಲೂ ಆಗದು. ನಿಮಗೆ ಬೇಕಾದ ಹೆಸರು ಇನ್ನೂ ಅಂಗಡಿಯಲ್ಲಿದ್ದರೆ, ಅದರ ಯಾವ ದಶಕದ ರೂಪ ಬೇಕೆಂದು ತೀರ್ಮಾನಿಸುವುದು ಮುಂದಿನ ಕೆಲಸ.

ಮೂರನೆಯ ಹೆಜ್ಜೆ: ಸೀಸೆಯ ವಯಸ್ಸನ್ನು ಓದುವುದು

ಮಾರುವವರು ಹೇಳುವ ವರ್ಷಕ್ಕಿಂತ ರಟ್ಟಿನ ಪೆಟ್ಟಿಗೆಯ ತಳಭಾಗ ಹೆಚ್ಚು ನಂಬಿಕೆಗೆ ಅರ್ಹ. ಲಿನಲೂಲ್, ಜೆರಾನಿಯಾಲ್, ಸಿಟ್ರೊನೆಲ್ಲಾಲ್ ಮುಂತಾದ ಅಲರ್ಜಿಕಾರಕಗಳ ಉದ್ದ ಪಟ್ಟಿಯಿದ್ದರೆ ಯುರೋಪಿನಲ್ಲಿ ತಯಾರಾದ ಆ ಪೆಟ್ಟಿಗೆ ಬಹುಮಟ್ಟಿಗೆ 2005ರ ಆಸುಪಾಸಿನದು ಅಥವಾ ಅದರ ನಂತರದ್ದು. ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ ತಿಂಗಳ ಸಂಖ್ಯೆ ಇರುವ ಗುರುತೂ ಅದೇ ಕಾಲದ್ದು. ಅಂಶಗಳ ಚುಟುಕು ಪಟ್ಟಿ ಮಾತ್ರ ಇದ್ದರೆ ಅದಕ್ಕೆ ಹಿಂದಿನ ಕೆಲವು ವರ್ಷಗಳದ್ದೆಂದು ಊಹಿಸಬಹುದು. ಬಾರ್‌ಕೋಡ್ ಕೂಡ ಇಲ್ಲದ ಪೆಟ್ಟಿಗೆ ಸಾಮಾನ್ಯವಾಗಿ 1980ರ ದಶಕದ ನಡುಭಾಗಕ್ಕಿಂತ ಹಿಂದಿನದು. ಅಮೆರಿಕದ ವಿಳಾಸವಿದ್ದು ಅದರಲ್ಲಿ ಐದಂಕಿಯ ಜಿಪ್ ಕೋಡ್ ಇದ್ದರೆ ಅದು 1963ಕ್ಕಿಂತ ಹಳೆಯದಾಗಿರಲಾರದು, ಏಕೆಂದರೆ ಆ ಪದ್ಧತಿ ಜಾರಿಗೆ ಬಂದದ್ದೇ ಆ ವರ್ಷ. ಪರ್ಫಮ್ ದ ತ್ವಾಲೆಟ್ ಎಂಬ ದರ್ಜೆಯ, ಅಂದರೆ ಸಾಂದ್ರತೆಯ ಮಟ್ಟದ, ಹೆಸರು ಕಂಡರೆ 1970 ಮತ್ತು 80ರ ದಶಕಗಳನ್ನು ನೆನೆಯಿರಿ. ಓ ದ ಪರ್ಫಮ್ ಎಂಬ ಹೆಸರು ಮುಂದೆ ಅದರ ಸ್ಥಾನವನ್ನು ಹೆಚ್ಚುಕಡಿಮೆ ಆಕ್ರಮಿಸಿತು.

ಒಂದೇ ಗುರುತನ್ನು ನಂಬಿ ತೀರ್ಮಾನಕ್ಕೆ ಬರಬಾರದು. ಹಳೆಯ ಪೆಟ್ಟಿಗೆಯಲ್ಲಿ ಹೊಸ ಸೀಸೆ ಸೇರಿರುವುದುಂಟು. ಪೆಟ್ಟಿಗೆಯ ತಳದಲ್ಲಿ ಒತ್ತಿರುವ ಬ್ಯಾಚ್ ಸಂಖ್ಯೆಯೂ ಸೀಸೆಯ ತಳದ ಸಂಖ್ಯೆಯೂ ಒಂದೇ ಆಗಿದ್ದರೆ ಜೋಡಿ ಸರಿಯಾದದ್ದೆಂದು ನೆಮ್ಮದಿಯಿಂದಿರಬಹುದು.

ನಾಲ್ಕನೆಯ ಹೆಜ್ಜೆ: ಕೊಳ್ಳುವ ಮುನ್ನ ಕೇಳಬೇಕಾದದ್ದು

ಹರಾಜಿನಲ್ಲಾಗಲಿ, ಸಂಗ್ರಾಹಕರಿಂದಾಗಲಿ ಕೊಳ್ಳುವಾಗ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೆಗೆದ ಚಿತ್ರವನ್ನು ಕೇಳಿ ಪಡೆಯಿರಿ. ಆ ಚಿತ್ರದಲ್ಲಿ ನೋಡಬೇಕಾದದ್ದು ದ್ರವದ ಮಟ್ಟ, ಬಣ್ಣ ಮತ್ತು ತಿಳಿತನ. ಬಣ್ಣ ಗಾಢವಾಗಿರುವುದು ತಾನಾಗಿ ದೋಷವೆನಿಸುವುದಿಲ್ಲ. ವೆನಿಲ್ಲಾದ ಘಮ ಕೊಡುವ ವೆನಿಲಿನ್ ಇರುವ ತಯಾರಿಕೆಗಳೂ, ಬಿಳಿ ಹೂಗಳ ಇಂಡೋಲ್ ಮತ್ತು ಆಲ್ಡಿಹೈಡುಗಳೆಂಬ ರಾಸಾಯನಿಕಗಳು ಕೂಡಿರುವ ತಯಾರಿಕೆಗಳೂ ವರ್ಷಗಳು ಉರುಳಿದಂತೆ ಜೇನಿನ ಬಣ್ಣದಿಂದ ಚಹಾದ ಬಣ್ಣಕ್ಕೆ ತಿರುಗುವುದು ಸಹಜ. ಲೇಬಲ್ಲಿನ ಒಂದು ಪಕ್ಕ ಮಾತ್ರ ಮಾಸಿದ್ದರೆ ಅದು ನಿಜಕ್ಕೂ ಚಿಂತೆಯ ವಿಷಯ, ಏಕೆಂದರೆ ಸೀಸೆ ಬಿಸಿಲು ಬೀಳುವ ಕಡೆ ವರ್ಷಗಟ್ಟಲೆ ನಿಂತಿತ್ತೆಂಬುದಕ್ಕೆ ಅದು ಸಾಕ್ಷಿ.

ಮಟ್ಟ ಇಳಿದಿರುವ ಸೀಸೆಯ ಬಗ್ಗೆ ಎರಡು ಮಾತು. ಉಜ್ಜಿದ ಗಾಜಿನ ಬಿರಡೆಯುಳ್ಳ ಸೀಸೆಯಿಂದ, ಅದನ್ನು ಒಮ್ಮೆಯೂ ತೆರೆಯದಿದ್ದರೂ, ಆಲ್ಕೊಹಾಲ್ ನಿಧಾನವಾಗಿ ಆರುತ್ತದೆ. ಉಳಿದದ್ದು ಸಾಂದ್ರವಾಗುತ್ತದೆ, ಅದೇ ಹಾಳಾಯಿತೆಂದು ಅರ್ಥವಲ್ಲ. ಆದರೆ ಸೀಸೆಯೊಳಗೆ ಸೇರಿದ ಗಾಳಿ ಆಕ್ಸಿಡೀಕರಣವನ್ನು ಚುರುಕುಗೊಳಿಸುವುದರಿಂದ ಅರ್ಧಕ್ಕಿಂತ ಕೆಳಗಿಳಿದದ್ದನ್ನು ಬಹಳ ವಿಶ್ವಾಸವಿದ್ದರೆ ಮಾತ್ರ ಕೊಳ್ಳಿ. ಸ್ಪ್ರೇ ಸೀಸೆಗಳ ಬಾಯಿಯನ್ನು ಲೋಹದಿಂದ ಬಿಗಿದಿರುವುದರಿಂದ ಒಳಗಿನದು ಸಾಮಾನ್ಯವಾಗಿ ಚೆನ್ನಾಗಿ ಉಳಿದಿರುತ್ತದೆ, ನೋಡಲು ಮಾತ್ರ ಅವು ಅಷ್ಟು ಸೊಗಸಾಗಿರುವುದಿಲ್ಲ. ಧರಿಸಲು ಕೊಳ್ಳುವವರಿಗೆ ನನ್ನ ಸಲಹೆ ಸ್ಪ್ರೇ.

ಅತಿ ದೊಡ್ಡ ಗಾತ್ರದ, ಒಳಗಿನ ದ್ರವ ಹೊಳೆಹೊಳೆವ ಸೀಸೆ ಕಂಡರೆ ಎಚ್ಚರವಿರಲಿ. ಅಂಗಡಿಗಳ ಪ್ರದರ್ಶನಕ್ಕೆಂದೇ ಬಣ್ಣದ ದ್ರವ ತುಂಬಿಟ್ಟ ಫ್ಯಾಕ್ಟಿಸ್ ಸೀಸೆಗಳು ಸಂಗ್ರಾಹಕರ ನಡುವೆ ಬಹಳ ಓಡಾಡುತ್ತವೆ. ಅವುಗಳಲ್ಲಿ ಪರ್ಫ್ಯೂಮ್ ಇರುವುದಿಲ್ಲ. ಸಾಧ್ಯವಿದ್ದಲ್ಲೆಲ್ಲ ಪೂರ್ತಿ ಸೀಸೆಗೆ ಮುನ್ನ ಒಂದೆರಡು ಮಿಲಿಲೀಟರಿನ ಮಾದರಿಯನ್ನು ಕೊಳ್ಳುವುದೇ ಲೇಸು.

ಐದನೆಯ ಹೆಜ್ಜೆ: ತೆರೆಯುವುದು

ಎಕ್ಸ್‌ಟ್ರೇ ಎಂಬ ಅತಿ ಸಾಂದ್ರ ದರ್ಜೆಯ ಹಳೆಯ ಸೀಸೆಯ ಕುತ್ತಿಗೆಯ ಮೇಲೆ ತೆಳ್ಳನೆಯ, ಅರೆಪಾರದರ್ಶಕ ಪೊರೆಯೊಂದು ಬಿಗಿದಿರುತ್ತದೆ. ಅದರ ಮೇಲೆ ನುಣುಪಾದ ದಾರವನ್ನು ಕೆಲವು ಸುತ್ತು ಸುತ್ತಿ, ಗಂಟಿನ ಮೇಲೆ ಅರಗಿನಿಂದಲೋ ಪುಟ್ಟ ಕಾಗದದ ಮುದ್ರೆಯಿಂದಲೋ ಮುಚ್ಚಿರುತ್ತಾರೆ. ದಾರವನ್ನು ಎಳೆಯಬೇಡಿ. ಗಂಟಿನ ಪಕ್ಕದಲ್ಲಿ ಚಿಕ್ಕ ಕತ್ತರಿಯಿಂದ ಕತ್ತರಿಸಿ, ಸುರುಳಿಯನ್ನು ಬಿಡಿಸಿ, ಒಣಗಿ ಗರಿಗರಿಯಾಗಿರುವ ಪೊರೆಯನ್ನು ಬಿರಡೆಯ ಅಂಚಿನಿಂದ ಮೆಲ್ಲಗೆ ಮೇಲೆತ್ತಿ. ಬಿರಡೆ ಅಲುಗದಿದ್ದರೆ ಬಲ ಪ್ರಯೋಗಿಸಿದ ಕ್ಷಣವೇ ಕುತ್ತಿಗೆ ಮುರಿಯಬಹುದು. ಬಿರಡೆ ಮತ್ತು ಕುತ್ತಿಗೆಯ ಸಂದಿಗೆ ಒಂದು ತೊಟ್ಟು ಶುದ್ಧ ಆಲ್ಕೊಹಾಲ್ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ. ಅಂಟಿಕೊಂಡ ಅಂಟು ಕರಗಿರುತ್ತದೆ. ಬಳಿಕ ಕುತ್ತಿಗೆಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗಾಗಿಸಿ, ಬಿರಡೆಯನ್ನು ಎಳೆಯದೆ ತಿರುಗಿಸಿ. ಇದನ್ನು ಒಂದೆರಡು ದಿನ ಮತ್ತೆ ಮತ್ತೆ ಮಾಡಬೇಕಾಗಬಹುದು. ಬೆಂಕಿಯನ್ನು ಹತ್ತಿರ ತರಲೇಬೇಡಿ.

ಆರನೆಯ ಹೆಜ್ಜೆ: ಮೂಸುವುದು

ಇಡೀ ಕೆಲಸದಲ್ಲಿ ತಾಳ್ಮೆ ಹೆಚ್ಚು ಬೇಕಾಗುವುದು ಇಲ್ಲಿ. ಹಳೆಯ ಪರ್ಫ್ಯೂಮ್ ಮೊದಲ ಐದು ನಿಮಿಷಗಳಲ್ಲಿ ತನ್ನ ಅತ್ಯಂತ ಕೆಟ್ಟ ಮುಖವನ್ನೇ ತೋರಿಸುತ್ತದೆ. ಬರ್ಗಮಾಟ್, ನಿಂಬೆ ಮುಂತಾದ ಸಿಪ್ಪೆಯ ಎಣ್ಣೆಗಳೂ, ಆಲ್ಡಿಹೈಡುಗಳೂ ಎಲ್ಲಕ್ಕಿಂತ ಮೊದಲು ಕೆಡುವಂಥವು. ಹಾಗಾಗಿ ಸೀಸೆ ತೆರೆದೊಡನೆ ನೇಲ್ ಪಾಲಿಶಿನ ಘಾಟು ಅಥವಾ ಕಮಟಿದ ಎಣ್ಣೆಯ ವಾಸನೆ ಮೂಗಿಗೆ ಹೊಡೆಯುವುದು ಅಪರೂಪವಲ್ಲ. ಸೀಸೆಯ ಬಾಯಿಗೆ ಮೂಗಿಟ್ಟು ತೀರ್ಪು ಕೊಡುವವರು ಒಳ್ಳೆಯ ಸೀಸೆಗಳನ್ನೂ ಚೆಲ್ಲಿಬಿಡುತ್ತಾರೆ.

ಕಾಗದದ ಪಟ್ಟಿಯ ತುದಿಗೆ ಒಂದು ತೊಟ್ಟು ಹಾಕಿ, ಸಮಯ ಬರೆದು, ಪಕ್ಕಕ್ಕಿಡಿ. ಹತ್ತು ನಿಮಿಷದ ಬಳಿಕ ಮೊದಲ ಬಾರಿ ಮೂಸಿ. ಈಗ ಘಾಟು ಹಿಂದೆ ಸರಿದಿರಬೇಕು. ಸರಿಯದೆ ಹಾಗೆಯೇ ಉಳಿದಿದ್ದರೆ ಅನುಮಾನ ಪಡಬೇಕಾದದ್ದೇ. ಅರ್ಧ ಗಂಟೆಯ ಹೊತ್ತಿಗೆ ಗುಲಾಬಿ ಕಾಣಿಸಿಕೊಳ್ಳುತ್ತದೆ. ಜೆರಾನಿಯಾಲ್, ಸಿಟ್ರೊನೆಲ್ಲಾಲ್‌ಗಳ ಹಸಿರು ಚುರುಕು ಮಂಕಾಗಿರಬಹುದು, ಆದರೆ ಜೇನಿನಂಥ ದಟ್ಟತನ ಮತ್ತು ಒಣಹಣ್ಣಿನಂಥ ಆಳ ಉಳಿದಿರಬೇಕು. ಒಳ್ಳೆಯ ಶೀಪ್ರ್ ಗುಲಾಬಿಯಲ್ಲಿ ಈ ಹಂತದಲ್ಲಿ ಗುಲಾಬಿ ಕೆಂಪಾಗಿ, ಬಹುಮಟ್ಟಿಗೆ ಕಪ್ಪಾಗಿ ತೋರುತ್ತದೆ. ಅದರ ಅಂಚಿನಲ್ಲಿ ಕಲ್ಲುಹೂವಿನ ಶಾಯಿಯಂಥ ಕಹಿ, ಅದರ ಕೆಳಗೆ ಪುನುಗಿನ ಬಿಸಿ. ಎರಡು ಗಂಟೆಯ ಬಳಿಕ ಗುಲಾಬಿ ಮತ್ತು ಆ ಕಹಿಯನ್ನು ಬೇರೆಬೇರೆಯಾಗಿ ಗುರುತಿಸಲಾಗದಷ್ಟು ಅವು ಒಂದರೊಳಗೊಂದು ಬೆರೆತಿರುತ್ತವೆ. ಹೊಸ ತಯಾರಿಕೆಗಳಲ್ಲಿ ನನಗೆ ದೊರೆಯದಿರುವುದು ನಿಖರವಾಗಿ ಈ ಬೆರಕೆಯೇ. ಪಟ್ಟಿಯನ್ನು ಎಸೆಯದೆ ಮರುದಿನ ಬೆಳಗ್ಗೆ ಮತ್ತೊಮ್ಮೆ ಮೂಸಿ. ತಳದ ವಸ್ತುಗಳು ಹತ್ತಾರು ವರ್ಷ ತಾಳುವಂಥವು; ಮರುದಿನ ಉಳಿದಿರುವ ಘಮ ಸ್ವಚ್ಛವಾಗಿದ್ದರೆ ಸೀಸೆ ಆರೋಗ್ಯವಾಗಿದೆ. ಎಲ್ಲ ಹಂತಗಳಲ್ಲೂ ಹುಳಿ ಅಥವಾ ಕಮಟು ಉಳಿದರೆ ಅದನ್ನು ಸಂಗ್ರಹದ ವಸ್ತುವಾಗಿ ಇಟ್ಟುಕೊಳ್ಳಬಹುದೇ ಹೊರತು ಧರಿಸಲು ಬಾರದು.

ಒಂದು ದಿನಕ್ಕೆ ಒಂದು ಸೀಸೆ ಸಾಕು. ಗುಲಾಬಿಯ ಕೆಲವು ಅಂಶಗಳಿಗೆ, ಅದರಲ್ಲೂ ಅಯೊನೋನ್‌ಗಳಿಗೆ, ಮೂಗು ಬೇಗ ಒಗ್ಗಿಹೋಗಿ ಏನೂ ಇಲ್ಲವೆಂದು ಹೇಳತೊಡಗುತ್ತದೆ.

ಏಳನೆಯ ಹೆಜ್ಜೆ: ಚರ್ಮದ ಮೇಲೆ

ಹಳೆಯ ಸೂತ್ರಗಳ ಅಂದಕ್ಕೆ ಕಾರಣವಾದ ವಸ್ತುಗಳಲ್ಲೇ ಅಪಾಯವೂ ಇದೆ ಎಂಬುದನ್ನು ಮರೆಯಬಾರದು. ಮೊಣಕೈಯ ಒಳಮಡಿಕೆಯಲ್ಲಿ ಒಂದು ಪುಟ್ಟ ತೊಟ್ಟು ಹಚ್ಚಿ ಎರಡು ದಿನ ಕಾಯಿರಿ. ಕೆಂಪಾಗುವುದು, ತುರಿಕೆ ಯಾವುದೂ ಕಾಣದಿದ್ದರೆ ಮಾತ್ರ ಮುಂದುವರಿಯಿರಿ. ಈ ಮೊದಲೇ ಸುಗಂಧದ್ರವ್ಯಗಳ ಅಲರ್ಜಿ ಇರುವವರು ಚರ್ಮಕ್ಕೆ ಹಚ್ಚುವ ಯೋಚನೆಯನ್ನೇ ಬಿಡುವುದು ಒಳ್ಳೆಯದು. ಹಳೆಯ ಬರ್ಗಮಾಟ್ ಎಣ್ಣೆಯಲ್ಲಿ ಬರ್ಗಾಪ್ಟೆನ್ ಎಂಬ ಅಂಶವನ್ನು ತೆಗೆದಿರುವುದಿಲ್ಲ. ಅದು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟ ಗಾಯವಾಗಿ, ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ ಉಳಿಯಬಹುದು. ಮಸ್ಕ್ ಆಂಬ್ರೆಟ್ ಕೂಡ ಬೆಳಕಿನೊಡನೆ ಸೇರಿ ಅಲರ್ಜಿ ತರುವಂಥದ್ದು. ಆದ್ದರಿಂದ ಇವನ್ನು ಸಂಜೆಯ ಬಳಿಕ, ಬಟ್ಟೆ ಮುಚ್ಚುವ ಭಾಗಕ್ಕೆ ಹಚ್ಚುವುದು ಕ್ಷೇಮ. ಬಟ್ಟೆಗೇ ಹಾಕುವುದಾದರೆ ಗಾಢ ಬಣ್ಣದ ಬಟ್ಟೆಯ ಒಳಮಗ್ಗುಲನ್ನು ಆರಿಸಿಕೊಳ್ಳಿ, ಏಕೆಂದರೆ ಬಣ್ಣ ಏರಿದ ಎಕ್ಸ್‌ಟ್ರೇ ರೇಷ್ಮೆಯ ಮೇಲೆ ಬಿಡುವ ಕಲೆ ತೊಳೆದರೂ ಹೋಗುವುದಿಲ್ಲ.

ಎಂಟನೆಯ ಹೆಜ್ಜೆ: ಉಳಿದದ್ದನ್ನು ಕಾಪಾಡುವುದು

ಬೆಳಕು, ಬಿಸಿ, ಗಾಳಿ ಈ ಮೂರನ್ನು ದೂರವಿಟ್ಟರೆ ಸಾಕು. ಫ್ರಾನ್ಸಿನ ವರ್ಸೈನಲ್ಲಿ 1990ರಲ್ಲಿ ಆರಂಭವಾದ ಓಸ್ಮೊಥೆಕ್ ಎಂಬ ಪರಿಮಳ ಸಂಗ್ರಹಾಲಯವು, ಮಾರುಕಟ್ಟೆಯಿಂದ ಮರೆಯಾದ ಅನೇಕ ಪರ್ಫ್ಯೂಮುಗಳನ್ನು ಕತ್ತಲೆಯಲ್ಲಿ, 12 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಸೀಸೆಯ ಖಾಲಿ ಜಾಗಕ್ಕೆ ಆರ್ಗಾನ್ ಅನಿಲ ತುಂಬಿ ಇಟ್ಟುಕೊಂಡಿದೆ. ಮೂಲ ಸೀಸೆ ಸಿಗದವರಿಗೆ ಹಳೆಯ ಘಮಗಳು ಹೇಗಿದ್ದವೆಂದು ತಿಳಿಯಲು ಅಲ್ಲಿನ ಸಾರ್ವಜನಿಕ ಕಾರ್ಯಕ್ರಮಗಳೂ ಒಂದು ದಾರಿ. ಮನೆಯಲ್ಲಿ ಅದೇ ತತ್ವವನ್ನು ಸರಳವಾಗಿ ಪಾಲಿಸಬಹುದು: ಸೀಸೆಯನ್ನು ಪೆಟ್ಟಿಗೆಯೊಳಗೆ, ನೆಟ್ಟಗೆ, ತಾಪಮಾನ ಹೆಚ್ಚು ಏರಿಳಿಯದ ಕಪಾಟಿನಲ್ಲಿಡಿ. ಸ್ನಾನದ ಕೋಣೆ ಬೇಡ. ಫ್ರಿಜ್ಜಿನಲ್ಲಿಟ್ಟರೆ ತಪ್ಪೇನಿಲ್ಲ, ತಂಪಿಗೆ ದ್ರವ ಮಸುಕಾಗಿ, ಹೊರತೆಗೆದ ಬಳಿಕ ಮತ್ತೆ ತಿಳಿಯಾದರೆ ಅದು ಸಹಜವಾದ ಮೇಣದ ಅಂಶ.

ಅರ್ಧ ಖಾಲಿಯಾದ ಸೀಸೆಯಲ್ಲಿ ಉಳಿದದ್ದನ್ನು ಬಿಗಿ ಮುಚ್ಚಳದ ಚಿಕ್ಕ ಗಾಜಿನ ಸೀಸೆಗಳಿಗೆ ಅಂಚಿನವರೆಗೆ ತುಂಬಿಡುವುದು ಗಾಳಿಯನ್ನು ದೂರವಿಡುವ ಸುಲಭ ಉಪಾಯ. ಗಾಜಿನ ಪಿಪೆಟ್ಟನ್ನೇ ಬಳಸಿ, ಒಂದು ಪರ್ಫ್ಯೂಮಿಗೆ ಬಳಸಿದ್ದನ್ನು ಆಲ್ಕೊಹಾಲಿನಲ್ಲಿ ತೊಳೆದು ಪೂರ್ತಿ ಒಣಗಿಸದೆ ಇನ್ನೊಂದಕ್ಕೆ ಅದ್ದಬೇಡಿ. ಸಾಂದ್ರವಾಗಿ ಕಂಡಿತೆಂದು ಮೂಲ ಸೀಸೆಗೆ ಹೊಸ ಆಲ್ಕೊಹಾಲ್ ಸುರಿಯುವವರಿದ್ದಾರೆ. ಕೆಟ್ಟ ಮೇಲ್ಪದರ ಅದರಿಂದ ಸರಿಹೋಗುವುದಿಲ್ಲ, ಸಮತೋಲ ಮಾತ್ರ ತಪ್ಪುತ್ತದೆ. ತುಂಬಿಟ್ಟ ಪ್ರತಿ ಚಿಕ್ಕ ಸೀಸೆಯ ಮೇಲೂ ಪರ್ಫ್ಯೂಮಿನ ಹೆಸರು, ದರ್ಜೆ, ಮೂಲ ಸೀಸೆಯ ಬ್ಯಾಚ್ ಸಂಖ್ಯೆ, ತುಂಬಿದ ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆದು ಅಂಟಿಸಿ. ಶಾಯಿಯಲ್ಲಿ ಬರೆದರೆ ಒಂದು ತೊಟ್ಟು ಆಲ್ಕೊಹಾಲ್ ಸೋಕಿದರೂ ಅಳಿಸಿಹೋಗುತ್ತದೆ.